ಮಾತು ಕನ್ನಡದಲ್ಲಿ, ಸಹಿ ಇಂಗ್ಲಿಷಿಗೆ! ಬಿಲ್ಲಿನ ದುಡ್ಡು ಯಾರಿಗೆ?

(ಕೋಲಾರದ ಯುವಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಕನ್ನಡದ ಸಭೆ ಎಂದರೆ ಬಾವುಟ, ನಾಮಫಲಕ, ಸಿನಿಮಾ ಎಂದು ನೀವು ಅಂದುಕೊಂಡು ಬಂದಿರಬಹುದು. ಇವತ್ತು ನಾನು ದುಡ್ಡಿನ ಮಾತು ಆಡುತ್ತೇನೆ. ಕಟ್ಟಡ ಕಟ್ಟಿದವನಿಗೆ ಬರಬೇಕಾದ ದುಡ್ಡು. ಬಾರದೆ ಹೋದಾಗ ಅವನು ಹತ್ತುವ ಕೋರ್ಟಿನ ಮೆಟ್ಟಿಲು. ಆ ಮೆಟ್ಟಿಲಿನ ಮೇಲೆ ಅವನನ್ನು ಎಡವಿಸುವ ಭಾಷೆ.

ನಾನು ವಕೀಲನಲ್ಲ. ವಕೀಲರ ಕಚೇರಿಯಲ್ಲಿ ವರ್ಷಗಟ್ಟಲೆ ಗುಮಾಸ್ತನಾಗಿ ಕಡತ ಹೊತ್ತವನು. ದಾವೆಯ ಕಾಗದ ಕಟ್ಟುವಾಗ ಕಕ್ಷಿದಾರನ ಮುಖ ನೋಡುವವನು ಗುಮಾಸ್ತನೇ. ನೋಡಿದ್ದನ್ನೇ ಹೇಳುತ್ತೇನೆ.

ಬೆಂಗಳೂರಿನ ಗೋಡೆಗಳನ್ನು ಒಮ್ಮೆ ತಟ್ಟಿ ನೋಡಿ. ಇಟ್ಟಿಗೆ, ಹೆಂಚು ಮಾಲೂರಿನದು. ಕಲ್ಲು ಮುಳಬಾಗಿಲ ಕಡೆಯದು. ಸೆಂಟ್ರಿಂಗ್ ಹೊಡೆದ ಕೈ ಶ್ರೀನಿವಾಸಪುರದ ಹಳ್ಳಿಯ ಹುಡುಗನದು. ಮಾವು ಕೈಕೊಟ್ಟ ವರ್ಷ ಅವನು ಗಾರೆ ಕೆಲಸಕ್ಕೆ ರೈಲು ಹತ್ತುತ್ತಾನೆ. ನಮ್ಮ ಜಿಲ್ಲೆಯಲ್ಲೇ ಎಷ್ಟು ಕೆಲಸ ನಡೆದಿದೆ! 2018ರಲ್ಲಿ ಕೆ.ಸಿ. ವ್ಯಾಲಿಯ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು. ಯರಗೋಳು ಅಣೆಕಟ್ಟೆ 2023ರ ನವೆಂಬರಿನಲ್ಲಿ ಉದ್ಘಾಟನೆಯಾಯಿತು. ಚೆನ್ನೈ ಎಕ್ಸ್‌ಪ್ರೆಸ್‌ವೇ ಮಾಲೂರಿನ ಹೊಲಗಳ ನಡುವೆ ಹಾದುಹೋಯಿತು. ನರಸಾಪುರ, ವೇಮಗಲ್‌ಗಳಲ್ಲಿ ಕಾರ್ಖಾನೆಗಳು ಎದ್ದವು. ಇವುಗಳಲ್ಲಿ ಯಾರೋ ದುಡ್ಡು ಬಾಕಿ ಇಟ್ಟಿದ್ದಾರೆ ಎಂದು ನಾನು ಹೇಳುತ್ತಿಲ್ಲ. ದೊಡ್ಡ ಕೆಲಸ ಯಾವುದೇ ಇರಲಿ, ಅದು ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುತ್ತದೆ ಎನ್ನುತ್ತಿದ್ದೇನೆ. ಮೇಲೆ ದೊಡ್ಡ ಕಂಪನಿ, ಅದರ ಕೆಳಗೆ ಸಬ್ ಕಾಂಟ್ರ್ಯಾಕ್ಟರ್, ಅವನ ಕೆಳಗೆ ಪೀಸ್ ವರ್ಕಿನವನು, ಕೊನೆಗೆ ನಮ್ಮೂರ ಮೇಸ್ತ್ರಿ. ಕೆಲಸ ಮೇಲಿನಿಂದ ಬೇಗ ಇಳಿಯುತ್ತದೆ, ದುಡ್ಡು ನಿಧಾನವಾಗಿ ಇಳಿಯುತ್ತದೆ. ಒಂದು ಮೆಟ್ಟಿಲಲ್ಲಿ ನಿಂತರೆ ಕೆಳಗಿನವನ ಮನೆಯಲ್ಲಿ ಒಲೆ ಆರುತ್ತದೆ.

ಒಬ್ಬ ಮೇಸ್ತ್ರಿಯ ಕಥೆ

ಮಾಲೂರು ತಾಲ್ಲೂಕಿನ ಒಬ್ಬ ಮೇಸ್ತ್ರಿ ನಮ್ಮ ಕಚೇರಿಗೆ ಬಂದ. ಹೆಸರು ಬೇಡ, ಕೆಲಸ ಕೊಟ್ಟವರ ಹೆಸರೂ ಬೇಡ. ಒಂದು ಕಾರ್ಖಾನೆಯ ಷೆಡ್ಡಿಗೆ ಕಾಂಪೌಂಡು, ನೆಲ, ಚರಂಡಿಯ ಲೇಬರ್ ಕಾಂಟ್ರ್ಯಾಕ್ಟು. ಮಾಡಿ ಮುಗಿಸಿದ. ನಡುವೆ ಸೈಟ್ ಇಂಜಿನಿಯರು, "ಮೇಸ್ತ್ರಿ, ಗೋಡೆ ಇನ್ನು ಎರಡಡಿ ಏರ್ಸು, ಬಿಲ್ಲಿನಲ್ಲಿ ನೋಡ್ಕೊಳ್ಳೋಣ" ಅಂದರು. ಏರಿಸಿದ. ಫೈನಲ್ ಬಿಲ್ಲಿನಲ್ಲಿ ಆ ಎರಡಡಿ ಇರಲಿಲ್ಲ. ಕೇಳಿದರೆ "ಮುಂದಿನ ತಿಂಗಳು". ಹುಡುಗರ ಕೂಲಿ ನಿಲ್ಲಿಸುವಂತಿಲ್ಲ, ಹೆಂಡತಿಯ ಸರ ಗಿರವಿಗೆ ಹೋಯಿತು. ಮುಂದಿನ ತಿಂಗಳು, ಮುಂದಿನ ತಿಂಗಳು ಎನ್ನುತ್ತಲೇ ಮೂರು ವರ್ಷ ದಾಟಿತು.

ಆಮೇಲೆ ಒಂದು ಇಂಗ್ಲಿಷ್ ಕಾಗದದ ಕಟ್ಟು ಹಿಡಿದು ಬಂದ. "ಇದ್ರಲ್ಲಿ ಏನು ಬರ್ದವ್ರೆ, ವಸಿ ಓದಿ ಹೇಳಣ್ಣ" ಅಂದ. ಪ್ರತಿ ಪುಟದ ಕೆಳಗೂ ಅವನ ಸಹಿ ಇತ್ತು, ದುಂಡಗಿನ ಕನ್ನಡದಲ್ಲಿ. ನಾನು ಓದಿದೆ. ಹೆಚ್ಚುವರಿ ಕೆಲಸಕ್ಕೆ ಮೊದಲೇ ಲಿಖಿತ ಒಪ್ಪಿಗೆ ಇಲ್ಲದಿದ್ದರೆ ದುಡ್ಡಿಲ್ಲ ಎಂದು ಒಂದು ಷರತ್ತು. ತಕರಾರು ಬಂದರೆ ಹೊರರಾಜ್ಯದ ಒಂದು ನಗರದಲ್ಲಿ ಮಧ್ಯಸ್ಥಗಾರರ ಮುಂದೆ, ಇಂಗ್ಲಿಷಿನಲ್ಲಿ ಎಂದು ಇನ್ನೊಂದು. ಹೇಳಿದೆ. ಅವನು ತುಂಬ ಹೊತ್ತು ಸುಮ್ಮನಿದ್ದು ಕೇಳಿದ: "ನನ್ನತ್ರ ಮಾತಾಡಿದ್ದೆಲ್ಲ ಕನ್ನಡದಾಗೇ ಅಲ್ವಾ ಅಣ್ಣ?"

ಗೆಳೆಯರೇ, ಆ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. ಇವತ್ತಿನ ಭಾಷಣ ಆ ಪ್ರಶ್ನೆಗೇ!

ಕಲ್ಲಿನ ಮೇಲೆ ಬರೆದ ಬಿಲ್ಲು

ನಮ್ಮ ಹಿರಿಯರು ಹೀಗೆ ಇರಲಿಲ್ಲ. ಕೋಲಾರ ಜಿಲ್ಲೆ ಕೆರೆಗಳ ಜಿಲ್ಲೆ. ನದಿ ಕೈಹಿಡಿಯದ ನೆಲದಲ್ಲಿ ಜನ ಕೆರೆ ಕಟ್ಟಿ ಬದುಕಿದರು. ಕಟ್ಟಿದವರಿಗೆ ಸಂಭಾವನೆ ಏನು? ಬಿ.ಎಲ್. ರೈಸ್ ಅವರು 1905ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ 10ನೆಯ ಸಂಪುಟ ನಮ್ಮ ಜಿಲ್ಲೆಯ ಶಾಸನಗಳದ್ದು. ಅದನ್ನು ತೆರೆದರೆ ಕಟ್ಟುಕೊಡಗೆ ಎಂಬ ಮಾತು ಸಿಗುತ್ತದೆ. ಕೆರೆ ಕಟ್ಟಿದವನಿಗೆ, ಒಡೆದ ಕೆರೆಯನ್ನು ದುರಸ್ತಿ ಮಾಡಿದವನಿಗೆ ಕೊಟ್ಟ ಭೂಮಿಯೇ ಕಟ್ಟುಕೊಡಗೆ. ದಶವಂದ ಎಂಬ ಪದ್ಧತಿಯೂ ಇತ್ತು, ಕೆರೆ ಕಟ್ಟಿಸಿದವನಿಗೆ ಹತ್ತರಲ್ಲಿ ಒಂದು ಪಾಲು.

ಆ ಕರಾರನ್ನು ಕಲ್ಲಿನ ಮೇಲೆ ಕೊರೆಸಿ ಊರ ನಡುವೆ ನಿಲ್ಲಿಸಿದರು. ಊರಿನ ಜನ ಓದುವ ಭಾಷೆಯಲ್ಲಿ ಬರೆಸಿದರು: ಹೆಚ್ಚಾಗಿ ಕನ್ನಡದಲ್ಲಿ, ಕೆಲವೆಡೆ ತಮಿಳಿನಲ್ಲಿ, ತೆಲುಗಿನಲ್ಲಿ. ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಯಾವ ಗದ್ದೆ, ಎಲ್ಲವೂ ಬಯಲಿನಲ್ಲಿ. ಅರಸನ ಕಾಲದಲ್ಲಿ ಕಟ್ಟಿದವನ ಲೆಕ್ಕ ಅವನೂರಿನ ಭಾಷೆಯಲ್ಲಿತ್ತು. ಪ್ರಜಾಪ್ರಭುತ್ವದಲ್ಲಿ ಅದು ಅವನಿಗೆ ಓದಲು ಬಾರದ ಭಾಷೆಗೆ ಹೋಗಿದೆ. ಮಾಸ್ತಿಯವರು ಹುಟ್ಟಿದ ತಾಲ್ಲೂಕು, ಡಿ.ವಿ.ಜಿ. ಹುಟ್ಟಿದ ಮುಳಬಾಗಿಲು ಎಂದು ಎದೆ ತಟ್ಟಿಕೊಳ್ಳುತ್ತೇವೆ. ಆ ಮಣ್ಣಿನ ಮೇಸ್ತ್ರಿಗೆ ಅವನ ಕರಾರು ಓದಲು ಬಾರದು ಎಂದರೆ ಎದೆ ತಟ್ಟಿ ಏನು ಬಂತು?

ದುಡ್ಡು ಸಿಕ್ಕಿಕೊಳ್ಳುವ ನಾಲ್ಕು ಗಂಟು

ಕೋರ್ಟಿನಲ್ಲಿ ದಾವೆ ಸೋಲುವುದು ನ್ಯಾಯಾಧೀಶರು ಕುಳಿತ ದಿನ ಅಲ್ಲ. ಬಹಳ ದಾವೆಗಳು ಸಹಿ ಹಾಕಿದ ದಿನವೇ ಅರ್ಧ ಸೋತಿರುತ್ತವೆ. ಈ ಗಂಟುಗಳನ್ನು ಬಿಡಿಸಿ ಹೇಳುತ್ತೇನೆ.

ಮೊದಲ ಗಂಟು, ಬಾಯಿಮಾತಿನ ಕೆಲಸ. ಎಸ್ಟಿಮೇಟಿನಲ್ಲಿ ಇಲ್ಲದ ಕೆಲಸವನ್ನು ಯಾರೋ ಬಾಯಲ್ಲಿ ಹೇಳುತ್ತಾರೆ, ನಮ್ಮವನು ಮಾಡುತ್ತಾನೆ. ಬಾಯಿಮಾತಿನ ಒಪ್ಪಂದಕ್ಕೆ ಬೆಲೆಯೇ ಇಲ್ಲ ಎಂದು ಕಾನೂನು ಹೇಳುವುದಿಲ್ಲ. ಆದರೆ ರುಜುವಾತು ಮಾಡುವ ಹೊರೆ ದುಡ್ಡು ಕೇಳುವವನ ಮೇಲೆ. ಲಿಖಿತ ಒಪ್ಪಿಗೆ ಬೇಕು ಎಂಬ ಷರತ್ತಿಗೆ ಸಹಿ ಹಾಕಿದ್ದರೆ ಆ ಹೊರೆ ಎರಡರಷ್ಟು.

ಎರಡನೆಯ ಗಂಟು, ಅಳತೆ. ಸರ್ಕಾರಿ ಕೆಲಸದಲ್ಲಿ ಎಂ.ಬಿ. ಅಂದರೆ ಅಳತೆ ಪುಸ್ತಕವೇ ದೇವರು. ಅದರಲ್ಲಿ ಏರದ ಕೆಲಸ ಬಿಲ್ಲಿಗೆ ಏರುವುದಿಲ್ಲ. ಪಾಯ, ಕಬ್ಬಿಣ, ನೆಲದಡಿಯ ಪೈಪು, ಇವು ಮುಚ್ಚಿಹೋಗುವ ಕೆಲಸಗಳು. ಮುಚ್ಚುವ ಮೊದಲು ಅಳೆಸದಿದ್ದರೆ ನಾಳೆ ಕೋರ್ಟ್ ಕಮಿಷನರು ಬಂದರೂ ಕಣ್ಣಿಗೆ ಕಾಣುವುದನ್ನಷ್ಟೇ ಅಳೆದು ಹೋಗುತ್ತಾರೆ.

ಮೂರನೆಯ ಗಂಟು, ಕಾಲ. 1963ರ ಕಾಲಮಿತಿ ಕಾಯಿದೆಯ 18ನೆಯ ವಿಧಿ ನೋಡಿ. ಹೇಳಿ ಮಾಡಿಸಿಕೊಂಡ ಕೆಲಸದ ದುಡ್ಡಿಗೆ, ಪಾವತಿಯ ದಿನ ಗೊತ್ತುಮಾಡದಿದ್ದರೆ, ಕೆಲಸ ಮುಗಿದ ದಿನದಿಂದ 3 ವರ್ಷದೊಳಗೆ ದಾವೆ ಹೂಡಬೇಕು. "ಕೊಡ್ತೀನಿ ಇರಯ್ಯ" ಎಂಬ ಬಾಯಿಮಾತಿನಿಂದ ಈ ಗಡುವು ಒಂದು ದಿನವೂ ಬೆಳೆಯದು. ಗಡುವು ಮುಗಿಯುವ ಮೊದಲು ಬಾಕಿ ಉಂಟು ಎಂದು ಅವರು ಬರೆದು ಸಹಿ ಮಾಡಿದರೆ ಅಲ್ಲಿಂದ ಹೊಸದಾಗಿ 3 ವರ್ಷ. ಸ್ವಲ್ಪ ಹಣ ಕೊಟ್ಟು ಅದನ್ನು ಬರಹದಲ್ಲಿ ಒಪ್ಪಿದರೂ ಹಾಗೆಯೇ. ಮಾಲೂರಿನ ಮೇಸ್ತ್ರಿ ಸೋತದ್ದು ಇಲ್ಲಿ. ಒಳ್ಳೆಯತನದಿಂದ ಕಾದ, ಕಾದದ್ದೇ ತಪ್ಪಾಯಿತು!

ನಾಲ್ಕನೆಯ ಗಂಟು, ಊರು. ತಕರಾರು ಎಲ್ಲಿ ತೀರ್ಮಾನವಾಗಬೇಕು ಎಂಬ ಷರತ್ತು ಸಾಮಾನ್ಯವಾಗಿ ಕೊನೆಯ ಪುಟದಲ್ಲಿ ಅಡಗಿರುತ್ತದೆ. ಸ್ವಸ್ತಿಕ್ ಗ್ಯಾಸಸ್ ಎಂಬ ಪ್ರಕರಣದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದನ್ನು ಕೇಳಿ. ವ್ಯವಹಾರ ನಡೆದದ್ದು ರಾಜಸ್ಥಾನದಲ್ಲಿ, ಆದರೆ ಒಪ್ಪಂದದಲ್ಲಿ ಕೋಲ್ಕತ್ತಾ ಕೋರ್ಟು ಎಂದು ಬರೆದಿತ್ತು. ಕೋಲ್ಕತ್ತಾ "ಮಾತ್ರ" ಎಂದು ಬರೆದಿರದಿದ್ದರೂ ಅಲ್ಲಿಗೇ ಹೋಗಬೇಕು ಎಂದಿತು ಕೋರ್ಟು. ಒಪ್ಪಂದದಲ್ಲಿ ಮಧ್ಯಸ್ಥಿಕೆಯ ಷರತ್ತಿದ್ದು, ಎದುರು ಪಕ್ಷ ಮೊದಲೇ ಎತ್ತಿ ಹಿಡಿದರೆ, 1996ರ ಮಧ್ಯಸ್ಥಿಕೆ ಕಾಯಿದೆಯ 8ನೆಯ ಕಲಂ ಪ್ರಕಾರ ಸಿವಿಲ್ ಕೋರ್ಟು ನಿಮ್ಮನ್ನು ಅತ್ತ ಕಳಿಸುತ್ತದೆ. ಮುಳಬಾಗಿಲಿನವನು ಕೋಲಾರದ ಕೋರ್ಟಿಗೆ ಬಸ್ಸಿನಲ್ಲಿ ಹೋಗಿ ಸಂಜೆ ಮನೆಗೆ ಬರಬಹುದು. ದೂರದ ನಗರಕ್ಕೆ ಹೋದರೆ ಲಾಡ್ಜು, ಇಂಗ್ಲಿಷ್ ವಕೀಲರು, ಮಧ್ಯಸ್ಥಗಾರರ ಫೀಸು. ಬಾಕಿಗಿಂತ ಖರ್ಚೇ ಹೆಚ್ಚು. ಆಗ ಅವನು ಕೈಚೆಲ್ಲುತ್ತಾನೆ.

ಸರ್ಕಾರವೇ ಬಾಕಿದಾರನಾದರೆ?

ಸರ್ಕಾರದ ಮೇಲೆ ಗೆಲ್ಲಲು ಆಗದು ಎಂಬ ಹೆದರಿಕೆ ಬಿಡಿ. ನಮ್ಮ ರಾಜ್ಯದ್ದೇ ಒಂದು ಪ್ರಕರಣ ಉಂಟು, ತೀರ್ಥಹಳ್ಳಿಯ ರಾಮೇಶ್ವರ ರೈಸ್ ಮಿಲ್ಲಿನದು. ಭತ್ತ ಕುಟ್ಟುವ ಕರಾರು. ಕರಾರು ಮುರಿದಿದ್ದೀರಿ, ನಷ್ಟ ಇಷ್ಟು ಎಂದು ಸರ್ಕಾರದ ಕಡೆಯವರೇ ತೀರ್ಮಾನಿಸಿ ವಸೂಲಿಗೆ ಹೊರಟರು. 1987ರಲ್ಲಿ ಸುಪ್ರೀಂ ಕೋರ್ಟು ತಡೆಯಿತು. ಕರಾರು ಮುರಿದಿದೆಯೋ ಇಲ್ಲವೋ ಎಂಬುದೇ ತಕರಾರಿನಲ್ಲಿದ್ದಾಗ, ಕರಾರಿನ ಒಂದು ಪಕ್ಷವೇ ನ್ಯಾಯಾಧೀಶನಾಗಲು ಆಗದು ಎಂದಿತು. ಅಕ್ಕಿ ಗಿರಣಿಯ ಆ ನ್ಯಾಯ ಇವತ್ತು ಕಟ್ಟಡ, ರಸ್ತೆ, ಕಾಲುವೆಯ ಗುತ್ತಿಗೆದಾರನಿಗೂ ಗುರಾಣಿ. ದಂಡ ಹಾಕಿದ್ದೇವೆ, ಬಿಲ್ಲಿನಲ್ಲಿ ಹಿಡಿದಿದ್ದೇವೆ ಎಂದು ಯಾರಾದರೂ ಅಂದರೆ ತೀರ್ಥಹಳ್ಳಿಯ ಹೆಸರು ಹೇಳಿ.

ಇನ್ನೊಂದು ಬಂಗಾಳದ್ದು. 1944ರಲ್ಲಿ ಮಂಡಲ್ ಎಂಬ ಗುತ್ತಿಗೆ ಸಂಸ್ಥೆ ಅಲ್ಲಿನ ಸರಬರಾಜು ಇಲಾಖೆಗೆ ಗೋದಾಮು, ಕೊಠಡಿ, ರಸ್ತೆ ಮಾಡಿಕೊಟ್ಟಿತು. ಸರ್ಕಾರಿ ಕರಾರು ಇರಬೇಕಾದ ರೀತಿಯಲ್ಲಿ ಇರಲಿಲ್ಲ, ಆದ್ದರಿಂದ ದುಡ್ಡಿಲ್ಲ ಎಂದಿತು ಸರ್ಕಾರ. 1961ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಕರಾರು ಊರ್ಜಿತವಲ್ಲದಿರಬಹುದು, ಆದರೆ 1872ರ ಕರಾರು ಕಾಯಿದೆಯ 70ನೆಯ ಕಲಂ ಉಂಟು ಎಂದಿತು. ಕಾನೂನುಬದ್ಧವಾಗಿ, ಪುಕ್ಕಟೆಯಾಗಿ ಅಲ್ಲದೆ ಮಾಡಿದ ಕೆಲಸದ ಲಾಭ ಉಂಡವನು ಅದರ ಬೆಲೆ ತೆರಬೇಕು. ನ್ಯಾಯ ಸಿಕ್ಕಿತು, ಹೌದು. ಆದರೆ ಕೆಲಸ 1944ರದು, ತೀರ್ಪು 1961ರದು. 17 ವರ್ಷ! ನಮ್ಮ ಮೇಸ್ತ್ರಿಗೆ 17 ತಿಂಗಳ ತಾಕತ್ತೂ ಇಲ್ಲ.

ಆದ್ದರಿಂದ ಗೆದ್ದ ತೀರ್ಪು ನೋಡಿ ಬಾಯಿಮಾತಿನ ಕೆಲಸಕ್ಕೆ ಇಳಿಯಬೇಡಿ. 2022ರ ಏಪ್ರಿಲಿನಲ್ಲಿ ಬೆಳಗಾವಿಯ ಒಬ್ಬ ಗುತ್ತಿಗೆದಾರರು ಉಡುಪಿಯ ಲಾಡ್ಜೊಂದರಲ್ಲಿ ಪ್ರಾಣ ಬಿಟ್ಟರು. ಹಿಂಡಲಗಾ ಗ್ರಾಮದಲ್ಲಿ ಮಾಡಿದ ಕೆಲಸದ ಬಿಲ್ಲು ಬರಲಿಲ್ಲ ಎಂಬುದು ಅವರ ದೂರಾಗಿತ್ತು. ಕಾರ್ಯಾದೇಶವನ್ನೇ ಕೊಟ್ಟಿಲ್ಲ ಎಂಬುದು ಸರ್ಕಾರದ ಕಡೆಯ ಮಾತಾಗಿತ್ತು. ಅದರ ರಾಜಕೀಯ ಇಲ್ಲಿ ಬೇಡ. ನಮಗೆ ಪಾಠ ಒಂದೇ: ಕೈಯಲ್ಲಿ ಕಾರ್ಯಾದೇಶ ಇಲ್ಲದೆ ಒಂದು ಬಾಂಡ್ಲಿ ಮಣ್ಣೂ ಎತ್ತಬಾರದು.

ಕೋರ್ಟಿನ ಭಾಷೆ ಯಾವುದು?

ಈಗ ನಮ್ಮ ಮೂಲ ಮಾತಿಗೆ ಬರುತ್ತೇನೆ. ಸಂವಿಧಾನದ 348ನೆಯ ವಿಧಿ ಹೈಕೋರ್ಟು, ಸುಪ್ರೀಂ ಕೋರ್ಟುಗಳಲ್ಲಿ ಇಂಗ್ಲಿಷನ್ನು ಕೂರಿಸಿದೆ. ರಾಜಸ್ಥಾನ, ಉತ್ತರಪ್ರದೇಶ, ಮಧ್ಯಪ್ರದೇಶ, ಬಿಹಾರದ ಹೈಕೋರ್ಟುಗಳಲ್ಲಿ ಹಿಂದಿಗೆ ಅವಕಾಶ ಸಿಕ್ಕಿದೆ. ಕನ್ನಡಕ್ಕೆ ಕರ್ನಾಟಕ ಕೇಳಿದಾಗ, ತಮಿಳು, ಬಂಗಾಳಿ, ಗುಜರಾತಿಯ ಜೊತೆಗೆ, 2012ರಲ್ಲಿ ಸುಪ್ರೀಂ ಕೋರ್ಟಿನ ಪೂರ್ಣ ಸಭೆ ಒಪ್ಪಲಿಲ್ಲ. ಹಿಂದಿಗೊಂದು ನ್ಯಾಯ, ಕನ್ನಡಕ್ಕೊಂದು ನ್ಯಾಯವೇ? ಆ ಹೋರಾಟ ನಡೆಯಲಿ.

ಆದರೆ ಮೇಸ್ತ್ರಿಯ ದಾವೆ ಮೊದಲು ಬರುವುದು ಹೈಕೋರ್ಟಿಗಲ್ಲ, ನಮ್ಮ ತಾಲ್ಲೂಕು, ಜಿಲ್ಲಾ ಕೋರ್ಟಿಗೆ. ಅಲ್ಲಿಯ ಭಾಷೆ ಕನ್ನಡ. ದಾವಾ ಪತ್ರ ಕನ್ನಡದಲ್ಲಿ ಬರೆಯಬಹುದು, ಸಾಕ್ಷಿ ಕನ್ನಡದಲ್ಲಿ ಹೇಳಬಹುದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 137ನೆಯ ಕಲಂ ಇನ್ನೂ ಒಂದು ಹಕ್ಕು ಕೊಟ್ಟಿದೆ. ಕೋರ್ಟಿನ ಬರಹ ಇಂಗ್ಲಿಷಿನಲ್ಲಿದ್ದು ಕಕ್ಷಿದಾರನಿಗೋ ಅವನ ವಕೀಲರಿಗೋ ಇಂಗ್ಲಿಷ್ ತಿಳಿಯದಿದ್ದರೆ, ಕೇಳಿದಾಗ ಕೋರ್ಟಿನ ಭಾಷೆಯಲ್ಲಿ ಅನುವಾದ ಕೊಡಬೇಕು. ಕೇಳಿದಾಗ! ನನ್ನ ಗುಮಾಸ್ತಿಕೆಯ ಅಷ್ಟು ವರ್ಷಗಳಲ್ಲಿ ಕೇಳಿದವರನ್ನು ನಾನು ಕಂಡದ್ದು ತೀರ ಕಡಿಮೆ. ಹಕ್ಕು ಪುಸ್ತಕದಲ್ಲಿ ಮಲಗಿದೆ, ನಾವು ಸಭೆಯಲ್ಲಿ ಕೂಗುತ್ತಿದ್ದೇವೆ.

ಇನ್ನೊಂದು ಬಾಗಿಲು ಮಧ್ಯಸ್ಥಿಕೆ ಕಾಯಿದೆಯ 22ನೆಯ ಕಲಂ. ಮಧ್ಯಸ್ಥಿಕೆ ಯಾವ ಭಾಷೆಯಲ್ಲಿ ನಡೆಯಬೇಕು ಎಂಬುದನ್ನು ಪಕ್ಷಗಾರರು ತಾವೇ ಒಪ್ಪಿಕೊಳ್ಳಬಹುದು. ಅಂದರೆ "ಮಧ್ಯಸ್ಥಿಕೆ ಕೋಲಾರದಲ್ಲಿ, ಕನ್ನಡದಲ್ಲಿ" ಎಂಬ ಒಂದು ಸಾಲಿಗೆ ದೇಶದ ಕಾನೂನು ಪೂರ್ತಿ ಬೆಲೆ ಕೊಡುತ್ತದೆ. ಆ ಸಾಲು ಬರೆಯಲು ಯಾವ ಸಚಿವರ ಅಪ್ಪಣೆಯೂ ಬೇಡ, ಯಾವ ಮಸೂದೆಯೂ ಬೇಡ. ಸಹಿ ಹಾಕುವ ಮೊದಲು ಕೇಳುವ ಧೈರ್ಯ ಬೇಕು.

ಇಲ್ಲಿ ಒಬ್ಬ ಗೆಳೆಯರು ಕೇಳಬಹುದು: ಕೋಲಾರದಲ್ಲಿ ಅರ್ಧ ಜನ ಮನೆಯಲ್ಲಿ ತೆಲುಗು, ಉರ್ದು, ತಮಿಳು ಆಡುತ್ತಾರಲ್ಲ? ಆಡಲಿ. ಆ ಮೇಸ್ತ್ರಿಯೂ ನಮ್ಮವನೇ. ಅವನು ಶಾಲೆಯಲ್ಲಿ ಕಲಿತ ಅಕ್ಷರ ಕನ್ನಡ. ಪಹಣಿ, ಪಡಿತರ ಚೀಟಿ ಕನ್ನಡದಲ್ಲಿ ಓದುವವನು ಕರಾರನ್ನೂ ಕನ್ನಡದಲ್ಲೇ ಓದಬಲ್ಲ. ಈ ಬೇಡಿಕೆ ಯಾವ ಭಾಷೆಯವರ ಮೇಲೂ ಅಲ್ಲ, ದುಡಿದವನ ಪರ.

ನೀವು ಮಾಡಬೇಕಾದದ್ದು

ನೀವು ಓದಿದ ಹುಡುಗರು. ನಿಮ್ಮ ಅಪ್ಪನೋ ಮಾವನೋ ನೆರೆಯವನೋ ಈ ಕಸುಬಿನಲ್ಲಿ ಇದ್ದಾನೆ. ಅವನ ಪಕ್ಕ ಕೂತು ಇಷ್ಟು ಮಾಡಿ.

1. ಸಹಿಗೆ ಮೊದಲು ಒಪ್ಪಂದವನ್ನು ಕನ್ನಡದಲ್ಲಿ ಓದಿ ಹೇಳಿ. ಕನ್ನಡ ಪ್ರತಿ ಕೇಳಿ. ಕೊಡದಿದ್ದರೆ ದರ, ಅಳತೆ, ಪಾವತಿಯ ದಿನ, ಹೆಚ್ಚುವರಿ ಕೆಲಸ, ತಕರಾರಿನ ಊರು, ಈ ಐದನ್ನಾದರೂ ಕನ್ನಡದಲ್ಲಿ ಬರೆದು ಎರಡೂ ಕಡೆ ಸಹಿ ಮಾಡಿಸಿ. ಸರಿಯಾದ ಛಾಪಾ ಕಾಗದ ಬಳಸಿ. ಇಲ್ಲವಾದರೆ ನಾಳೆ ಕೋರ್ಟಿನಲ್ಲಿ ಕೊರತೆಯ ಜೊತೆ ದಂಡ ಕಟ್ಟಬೇಕಾದೀತು.

2. ಬಾಯಲ್ಲಿ ಹೇಳಿದ ಕೆಲಸವನ್ನು ಅಂದೇ ಸಂಜೆ ವಾಟ್ಸಾಪಿನಲ್ಲಿ ಬರೆದು ಕಳಿಸಿ: "ಇವತ್ತು ನೀವು ಹೇಳಿದಂತೆ ಗೋಡೆ ಎರಡಡಿ ಏರಿಸುತ್ತಿದ್ದೇವೆ, ಚದರಕ್ಕೆ ದರ ಇಷ್ಟು." 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಂ ಪ್ರಕಾರ ಇಂಥ ಸಂದೇಶವನ್ನು ಪ್ರಮಾಣಪತ್ರದೊಂದಿಗೆ ಸಾಕ್ಷ್ಯವಾಗಿ ಕೊಡಬಹುದು. ಫೋನು ಬದಲಿಸಿದರೂ ಸಂದೇಶ ಅಳಿಸಬೇಡಿ.

3. ಮುಚ್ಚುವ ಮೊದಲು ಟೇಪು ಇಟ್ಟು ಫೋಟೋ ತೆಗೆಯಿರಿ. ಕನ್ನಡದಲ್ಲಿ ದಿನಚರಿ ಇಡಿ: ತಾರೀಖು, ಆಳುಗಳ ಲೆಕ್ಕ, ಸಿಮೆಂಟು, ಯಾರು ಏನು ಹೇಳಿದರು.

4. ಕೆಲಸ ಮುಗಿದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಎರಡು ವರ್ಷ ಆಗುತ್ತಲೇ ಬಾಕಿಯ ಒಪ್ಪಿಗೆ ಬರೆಸಿಕೊಳ್ಳಿ, ಇಲ್ಲವೇ ವಕೀಲರ ಬಳಿ ಹೋಗಿ. ಸರ್ಕಾರದ ಮೇಲೆ ದಾವೆಯಾದರೆ 80ನೆಯ ಕಲಂ ನೋಟಿಸು ಕೊಟ್ಟು ಎರಡು ತಿಂಗಳು ಕಾಯಬೇಕು. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

5. "ಯಾವ ಬಾಕಿಯೂ ಇಲ್ಲ" ಎಂಬ ಕಾಗದಕ್ಕೆ ಪೂರ್ತಿ ಹಣ ಬರದೆ ಸಹಿ ಹಾಕಬೇಡಿ. ಬಲವಂತಕ್ಕೆ ಹಾಕಬೇಕಾಗಿ ಬಂದರೆ ಕೂಡಲೇ ಪತ್ರ ಬರೆದು ಆಕ್ಷೇಪ ಸಲ್ಲಿಸಿ. ಒತ್ತಡದಲ್ಲಿ ಪಡೆದ ಅಂಥ ಕಾಗದ ಹಕ್ಕನ್ನು ಮುಗಿಸದು ಎಂದು ಸುಪ್ರೀಂ ಕೋರ್ಟು 2008ರಲ್ಲೇ ಹೇಳಿದೆ. ಆದರೆ ಒತ್ತಡವನ್ನು ನೀವು ತೋರಿಸಬೇಕು.

6. ದಾವೆಗೆ ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಬಾಗಿಲು ತಟ್ಟಿ. 3 ಲಕ್ಷಕ್ಕೆ ಕಡಿಮೆಯಿಲ್ಲದ ನಿರ್ಮಾಣ ಗುತ್ತಿಗೆಯ ತಕರಾರು ವಾಣಿಜ್ಯ ನ್ಯಾಯಾಲಯದ ಪಾಲು. ತುರ್ತು ತಡೆ ಬೇಡದಿದ್ದರೆ ಅಲ್ಲಿ ಮೊದಲು ಸಂಧಾನ ಕಡ್ಡಾಯ. ದಾವೆ ಹೂಡಿದ ಮೇಲೂ ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟು ಶುಲ್ಕ ವಾಪಸು ಬರುತ್ತದೆ. ಮಾತುಕತೆ ಕನ್ನಡದಲ್ಲಿ ನಡೆಯುತ್ತದೆ, ಎದುರುಬದುರು ಕೂತು.

ಕೊನೆಯ ಮಾತು

ಬೇರೆಯವರಿಗೆ ಹೇಳುವ ಮೊದಲು ನಮ್ಮ ಮನೆ ನೋಡಿಕೊಳ್ಳೋಣ. ಪ್ರತಿ ನವೆಂಬರಿನಲ್ಲಿ ರಾಜ್ಯೋತ್ಸವದ ಪೆಂಡಾಲು ಹಾಕಿಸುತ್ತೇವೆ. ಗೂಟ ನೆಟ್ಟವನಿಗೆ, ದೀಪ ಕಟ್ಟಿದವನಿಗೆ ನಾವು ಎಂದಾದರೂ ಒಂದು ಕನ್ನಡ ಚೀಟಿ ಬರೆದುಕೊಟ್ಟಿದ್ದೇವೆಯೇ? "ಆಮೇಲೆ ಬಾರಯ್ಯ" ಎಂದು ಡಿಸೆಂಬರ್ ಕಳೆಸಿಲ್ಲವೇ? ಈ ವರ್ಷ ಅವನ ದರ, ದಿನ, ಬಾಕಿ ಎಲ್ಲವನ್ನೂ ಕನ್ನಡದಲ್ಲಿ ಬರೆದು ಸಹಿ ಮಾಡಿ ಕೊಡಿ. ಕನ್ನಡ ಕರಾರು ಅಲ್ಲಿಂದ ಶುರುವಾಗಲಿ.

ನಾಮಫಲಕದ ಮೇಲೆ ಕನ್ನಡ ಬಂದರೆ ಕಣ್ಣಿಗೆ ಹಬ್ಬ. ಕರಾರಿನ ಒಳಗೆ ಕನ್ನಡ ಬಂದರೆ ಗಿರವಿ ಹೋದ ಸರ ಮನೆಗೆ ಬರುತ್ತದೆ. "ನನ್ನತ್ರ ಮಾತಾಡಿದ್ದೆಲ್ಲ ಕನ್ನಡದಾಗೇ ಅಲ್ವಾ ಅಣ್ಣ" ಎಂದು ಕೇಳಿದ ಆ ಮೇಸ್ತ್ರಿಗೆ ನಾನು ಉತ್ತರ ಕೊಡಲಿಲ್ಲ. ಅವನ ಮಗ ನಾಳೆ ಕರಾರು ಹಿಡಿದು ಬಂದಾಗ, "ಹೌದಪ್ಪ, ಬರೆದದ್ದೂ ಕನ್ನಡದಲ್ಲೇ" ಎಂದು ನೀವು ಹೇಳುವಂತಾಗಲಿ.

ಸಿರಿಗನ್ನಡಂ ಗೆಲ್ಗೆ!